ನರದ ಗಂಟು ದಿಢೀರ್ ಬೆಳೆಯುತ್ತಿದೆ: ಮೊದಲು ತೆಗೆಸಬೇಕಾ, ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಚಿಕ್ಕಂದಿನಿಂದ ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳಿವೆ, ಸಣ್ಣ ಸಣ್ಣ ಗಂಟುಗಳೂ ಇವೆ. ನ್ಯೂರೋಫೈಬ್ರೊಮಾಟೋಸಿಸ್ ಟೈಪ್ 1 ಎಂಬ ಜೀನ್ ಕಾಯಿಲೆ ಎಂದು ಹಿಂದೆಯೇ ಹೇಳಿದ್ದರು. ತೊಡೆಯ ಹಿಂಭಾಗದಲ್ಲಿ ಮೊದಲಿನಿಂದಲೂ ಒಂದು ಮೆತ್ತಗಿನ ಉಬ್ಬು ಇತ್ತು. ಈ ಕೆಲವು ತಿಂಗಳಲ್ಲಿ ಅದು ಬೇಗ ಬೆಳೆದಿದೆ, ಗಟ್ಟಿಯಾಗಿದೆ. ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ನಡೆಯುವಾಗ ಪಾದ ಎತ್ತಲು ಕಷ್ಟಪಡುತ್ತಾನೆ. ನಾವು ತೋರಿಸಿದ ಸರ್ಜನ್ "ನರದ ಗಂಟು, ಮುಂದಿನ ವಾರ ತೆಗೆದುಬಿಡೋಣ, ಆಮೇಲೆ ಪರೀಕ್ಷೆಗೆ ಕಳಿಸೋಣ" ಎಂದಿದ್ದಾರೆ. ನೆಟ್‌ನಲ್ಲಿ ನೋಡಿದರೆ ಎಂಪಿಎನ್‌ಎಸ್‌ಟಿ ಎಂಬ ಕ್ಯಾನ್ಸರ್ ಹೆಸರು ಬರುತ್ತಿದೆ. ಸೂಜಿ ಹಾಕಿದರೆ ಹರಡುತ್ತದೆ ಎಂದೂ ಕೆಲವರು ಹೆದರಿಸುತ್ತಿದ್ದಾರೆ. ಏನು ಮಾಡೋಣ? ಉಳಿದ ಗಂಟುಗಳನ್ನೂ ತೆಗೆಸಬೇಕಾ? ಇದು ನನಗೂ ಬರುತ್ತದಾ?

ಉತ್ತರ: ಮುಂದಿನ ವಾರದ ಆಪರೇಷನ್ ಸದ್ಯಕ್ಕೆ ಬೇಡ ಎನ್ನಿ. ಅದೇ ವಾರದಲ್ಲಿ ಎಂಆರ್‌ಐ ಮಾಡಿಸಿ. ಸಾರ್ಕೋಮಾಗೆ (ಸ್ನಾಯು, ಕೊಬ್ಬು, ನರದ ಹೊದಿಕೆ, ಮೂಳೆಯಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಚಿಕಿತ್ಸೆ ಕೊಡುವ ತಂಡ ಇರುವ ಆಸ್ಪತ್ರೆಗೆ ತೋರಿಸಿ. ನಿಧಾನ ಮಾಡಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಆತುರ ಬೇಕು, ಚಾಕುವಿಗೆ ಬೇಡ.

ನಿಮ್ಮ ತಮ್ಮನಿಗೆ ಕ್ಯಾನ್ಸರ್ ಇದೆ ಎಂದು ಪತ್ರ ಓದಿ ಹೇಳಲು ಆಗುವುದಿಲ್ಲ. ಆದರೆ ನೀವು ಬರೆದಿರುವ ಲಕ್ಷಣಗಳನ್ನು ಓದಿದ ಯಾವ ಸಾರ್ಕೋಮಾ ವೈದ್ಯರೂ "ಆರು ತಿಂಗಳು ಬಿಟ್ಟು ಬನ್ನಿ" ಎನ್ನುವುದಿಲ್ಲ.

ಇದು ಎಂಥ ರೋಗ ಅಂತ ಮೊದಲು ನೋಡೋಣ. ಮೆದುಳು ಮತ್ತು ಬೆನ್ನುಹುರಿಯಿಂದ ಹೊರಬಂದು ಕೈಕಾಲಿಗೆ, ಮೈಗೆ ಹರಡಿಕೊಳ್ಳುವ ನರಗಳ ಎಳೆಗಳನ್ನು ಷ್ವಾನ್ ಕೋಶಗಳು ಸುತ್ತಿಕೊಂಡಿರುತ್ತವೆ. ಅವುಗಳ ಜೊತೆ ಬೇರೆ ಪೋಷಕ ಕೋಶಗಳೂ ಇರುತ್ತವೆ. ಎಲ್ಲ ಸೇರಿ ನರದ ಹೊದಿಕೆ. ಈ ಹೊದಿಕೆಯಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಬಹುಪಾಲು ಸಾಧು ಸ್ವಭಾವದವು, ಅಂದರೆ ಕ್ಯಾನ್ಸರ್ ಅಲ್ಲದವು: ಷ್ವಾನೋಮಾ, ನ್ಯೂರೋಫೈಬ್ರೊಮಾ. ಅಪರೂಪಕ್ಕೆ ಹುಟ್ಟುವ ಕ್ಯಾನ್ಸರ್ ಗಡ್ಡೆಗೆ ಎಂಪಿಎನ್‌ಎಸ್‌ಟಿ ಎನ್ನುತ್ತಾರೆ. ಹಳೆಯ ವರದಿಗಳಲ್ಲಿ ಮ್ಯಾಲಿಗ್ನಂಟ್ ಷ್ವಾನೋಮಾ, ನ್ಯೂರೋಫೈಬ್ರೊಸಾರ್ಕೋಮಾ ಎಂದಿದ್ದರೆ ಅದೂ ಇದೇ. ಮೃದು ಅಂಗಾಂಶದ ಸಾರ್ಕೋಮಾಗಳೇ ಅಪರೂಪ. ಅದರಲ್ಲಿ ಇದರ ಪಾಲು ಶೇಕಡಾ 5ರಿಂದ 10. ಹಾಗಾಗಿ ಒಬ್ಬ ಜನರಲ್ ಸರ್ಜನ್ ತಮ್ಮ ಇಡೀ ವೃತ್ತಿಯಲ್ಲಿ ಇಂಥ ಒಂದು ಗಡ್ಡೆಯನ್ನೂ ನೋಡದೆ ಇರಬಹುದು. ನಿಮ್ಮ ಸರ್ಜನ್ ಮೇಲೆ ಸಿಟ್ಟಾಗುವ ಅಗತ್ಯವಿಲ್ಲ. ಆದರೆ ಅವರ ಸಲಹೆಯನ್ನು ಹಾಗೇ ಒಪ್ಪಬೇಕಾಗಿಯೂ ಇಲ್ಲ.

ಈ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧ ಜನರಿಗೆ ನಿಮ್ಮ ತಮ್ಮನಿಗಿರುವ ಟೈಪ್ 1 ನ್ಯೂರೋಫೈಬ್ರೊಮಾಟೋಸಿಸ್ ಇರುತ್ತದೆ. ಸುಮಾರು ಶೇಕಡಾ 10 ಜನರಿಗೆ ಹಿಂದೆ ಎಂದೋ ಬೇರೆ ಕಾಯಿಲೆಗೆ ಕೊಟ್ಟ ರೇಡಿಯೇಷನ್ ಕಾರಣ. ಅದು ಕೊಟ್ಟ ಜಾಗದಲ್ಲೇ, ಎಷ್ಟೋ ವರ್ಷಗಳ ನಂತರ ಗಡ್ಡೆ ಕಾಣಿಸುತ್ತದೆ. ಉಳಿದವರಲ್ಲಿ ಕಾರಣ ಗೊತ್ತಾಗುವುದಿಲ್ಲ. ಪೆಟ್ಟು ಬಿದ್ದದ್ದರಿಂದ, ಮಸಾಜ್ ಮಾಡಿಸಿದ್ದರಿಂದ ಬಂತು ಎನ್ನುವುದಕ್ಕೆ ಆಧಾರವಿಲ್ಲ. ಮನೆಯಲ್ಲಿ ಯಾರಾದರೂ ತಮ್ಮನ್ನೇ ತಾವು ದೂರಿಕೊಳ್ಳುತ್ತಿದ್ದರೆ ಅದನ್ನು ಈಗಲೇ ನಿಲ್ಲಿಸಲು ಹೇಳಿ.

ಟೈಪ್ 1 ಇರುವವರಿಗೇ ಯಾಕೆ ಜಾಸ್ತಿ? 17ನೇ ಕ್ರೋಮೊಸೋಮ್‌ನಲ್ಲಿರುವ ಎನ್‌ಎಫ್1 ಜೀನ್ ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನ್ ತಯಾರಿಸುತ್ತದೆ. ಕೋಶಕ್ಕೆ "ಬೆಳೆ, ಒಡೆ" ಎಂಬ ಸೂಚನೆ ಕೊಡುವ ರಾಸ್ ಎಂಬ ಪ್ರೋಟೀನನ್ನು ತಣ್ಣಗಿಡುವುದು ಇದರ ಕೆಲಸ. ಪ್ರತಿ ಕೋಶದಲ್ಲೂ ಈ ಜೀನ್‌ನ ಎರಡು ಪ್ರತಿಗಳಿರುತ್ತವೆ. ನಿಮ್ಮ ತಮ್ಮನಂಥವರಿಗೆ ಹುಟ್ಟಿನಿಂದಲೇ ಒಂದು ಕೆಟ್ಟಿರುತ್ತದೆ. ಯಾವುದೋ ಷ್ವಾನ್ ಕೋಶದಲ್ಲಿ ಇನ್ನೊಂದೂ ಕೈಕೊಟ್ಟರೆ ಅಲ್ಲಿ ನ್ಯೂರೋಫೈಬ್ರೊಮಾ ಹುಟ್ಟುತ್ತದೆ. ಅಷ್ಟಕ್ಕೇ ಅದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಮುಂದಿನ ಹಂತದಲ್ಲಿ ಸಿಡಿಕೆಎನ್2ಎ ಎಂಬ ಇನ್ನೊಂದು ಜೀನ್ ಕಳೆದುಹೋಗುತ್ತದೆ. ಆಗ ಗಡ್ಡೆ ಅರೆಬರೆ ಸ್ಥಿತಿಯಲ್ಲಿರುತ್ತದೆ, ಪೂರ್ತಿ ಸಾಧುವೂ ಅಲ್ಲ, ಪೂರ್ತಿ ಕ್ಯಾನ್ಸರೂ ಅಲ್ಲ. ಅದರ ಮೇಲೆ ಸುಜ್12 ಅಥವಾ ಇಇಡಿ ಎಂಬ ಜೀನ್‌ಗಳೂ ಕೆಟ್ಟರೆ ಕೋಶಗಳು ಲಗಾಮು ಕಳಚಿಕೊಂಡು ಬೆಳೆಯುತ್ತವೆ. ಇಷ್ಟು ಹಂತಗಳಿರುವುದರಿಂದಲೇ ಹೆಚ್ಚಿನ ಗಂಟುಗಳು ಜೀವಮಾನವಿಡೀ ಕ್ಯಾನ್ಸರ್ ಆಗದೆ ಉಳಿಯುತ್ತವೆ.

ಟೈಪ್ 1 ಇರುವವರಲ್ಲಿ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇಕಡಾ 8ರಿಂದ 13. ಅಂದರೆ ಬಹಳಷ್ಟು ಜನರಿಗೆ ಬರುವುದಿಲ್ಲ. ಬರುವವರಿಗೆ ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಬರುತ್ತದೆ. ಈ ಸಿಂಡ್ರೋಮ್ ಇಲ್ಲದವರಲ್ಲಿ ಬಂದರೆ ಸುಮಾರು ಹತ್ತು ವರ್ಷ ತಡವಾಗಿ.

ನಿಮ್ಮ ಕೊನೆಯ ಪ್ರಶ್ನೆಗಳಲ್ಲಿ ಒಂದಕ್ಕೆ ಇಲ್ಲೇ ಉತ್ತರಿಸಿಬಿಡುತ್ತೇನೆ. ಚರ್ಮದ ಮೇಲಿನ ಸಣ್ಣ ಮೆತ್ತಗಿನ ಗಂಟುಗಳು ಎಷ್ಟೇ ಇದ್ದರೂ ಅವು ಕ್ಯಾನ್ಸರ್ ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ನೋಡಲು ಬೇಸರ, ತುರಿಕೆ, ಬಟ್ಟೆಗೆ ಉಜ್ಜುವುದು ಇಂಥ ಕಾರಣಕ್ಕೆ ತೆಗೆಸಬಹುದು. ಕ್ಯಾನ್ಸರ್ ಭಯಕ್ಕೆ ಸುಮ್ನೆ ತೆಗೆಸುವುದು ಬೇಡ. ಗಮನ ಬೇಕಾದದ್ದು ಒಳಗಿನ ದೊಡ್ಡ ನರಗಳ ಉದ್ದಕ್ಕೂ ಹರಡಿ ಬೆಳೆಯುವ ಪ್ಲೆಕ್ಸಿಫಾರ್ಮ್ ನ್ಯೂರೋಫೈಬ್ರೊಮಾಗಳಿಗೆ, ಆಳದಲ್ಲಿ ಗಟ್ಟಿ ಉಂಡೆಯಾಗಿ ಕೂರುವವಕ್ಕೆ. ತೊಡೆಯ ಹಿಂಭಾಗದ ಆ ಹಳೆಯ ಉಬ್ಬು ಇಂಥದ್ದೇ ಇರಬಹುದು. ಅಲ್ಲಿ ಸಯಾಟಿಕ್ ನರ ಹಾದುಹೋಗುತ್ತದೆ. ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ಎಳೆಗಳು ಅದೇ ನರದಲ್ಲಿವೆ.

ಹಳೆಯ ಗಂಟಿನ ಸ್ವಭಾವ ಬದಲಾಯಿತಾ ಎಂದು ನಾವು ಕೇಳುವುದು ನಾಲ್ಕು ವಿಷಯ. ವಾರ, ತಿಂಗಳುಗಳಲ್ಲಿ ಕಣ್ಣಿಗೆ ಕಾಣುವಂತೆ ಬೆಳೆಯಿತಾ? ಬಿಡದ ನೋವು, ಅದರಲ್ಲೂ ನಿದ್ದೆ ಕೆಡಿಸುವ ನೋವು ಹೊಸದಾಗಿ ಶುರುವಾಯಿತಾ? ಮೆತ್ತಗಿದ್ದದ್ದು ಗಟ್ಟಿಯಾಯಿತಾ? ಶಕ್ತಿ ಕುಂದುವುದು, ಜೋಮು ಹಿಡಿಯುವುದು ಹೊಸದಾಗಿ ಬಂತಾ? ನಿಮ್ಮ ಪತ್ರದಲ್ಲಿ ನಾಲ್ಕೂ ಇವೆ. ಸಾಧು ಗಂಟೂ ನೋಯಬಹುದು, ಹದಿಹರೆಯದಲ್ಲಿ ಬೆಳೆಯಲೂಬಹುದು. ನಾಲ್ಕೂ ಒಟ್ಟಿಗೆ ಸೇರಿದಾಗ ಮಾತ್ರ ಕಾದು ನೋಡುವ ಮಾತೇ ಇಲ್ಲ.

ಹಾಗಿದ್ದರೆ ತೆಗೆದುಬಿಟ್ಟರೆ ಏನು ತಪ್ಪು ಎಂದು ನೀವು ಕೇಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೈಯಲ್ಲಿರುವ ನಿರ್ಧಾರ ಇದೊಂದೇ.

ಸಾಧು ಷ್ವಾನೋಮಾ ಆದರೆ ನುರಿತ ಸರ್ಜನ್ ಹೊದಿಕೆ ಸೀಳಿ, ಸಿಪ್ಪೆಯಿಂದ ಬಟಾಣಿ ಬಿಡಿಸಿದ ಹಾಗೆ ಗಡ್ಡೆಯನ್ನು ಹೊರತೆಗೆಯುತ್ತಾರೆ. ಹೆಚ್ಚಿನ ಸಲ ನರ ಉಳಿಯುತ್ತದೆ. ಎಂಪಿಎನ್‌ಎಸ್‌ಟಿಯಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ಅದರ ಸುತ್ತ ಸಿಪ್ಪೆಯಂತೆ ಕಾಣುವುದು ನಿಜವಾದ ಸಿಪ್ಪೆಯಲ್ಲ. ಅದರೊಳಗೂ ಅದರಾಚೆಗೂ ಕ್ಯಾನ್ಸರ್ ಕೋಶಗಳಿರುತ್ತವೆ. ನರದ ಉದ್ದಕ್ಕೂ ಅವು ಮೇಲೆ ಕೆಳಗೆ ಸರಿದಿರುತ್ತವೆ. ಬಿಡಿಸಿ ತೆಗೆದರೆ ಅಲ್ಲೇ ಉಳಿದುಬಿಡುತ್ತವೆ. ಸರ್ಜನ್ ಕೈಯಾಡಿಸಿದ ಜಾಗಕ್ಕೆಲ್ಲ, ರಕ್ತ ಹರಿದ ಕಡೆಗೆಲ್ಲ ಅವು ಹರಡಿರಬಹುದು. ಎರಡು ವಾರದ ನಂತರ ಪೆಥಾಲಜಿ ವರದಿ "ಕ್ಯಾನ್ಸರ್" ಎಂದು ಬಂದಾಗ ಮತ್ತೆ ಆಪರೇಷನ್ ಮಾಡಲೇಬೇಕು. ಆಗ ಗಡ್ಡೆ ಎಲ್ಲಿತ್ತು, ಎಲ್ಲಿಯವರೆಗೆ ಇತ್ತು ಎಂಬುದು ಕಾಣುವುದಿಲ್ಲ. ಗಾಯದ ಜಾಗವನ್ನೆಲ್ಲ ಸೇರಿಸಿ ಮೊದಲಿಗಿಂತ ಜಾಸ್ತಿ ಅಂಗಾಂಶ ತೆಗೆಯಬೇಕಾಗುತ್ತದೆ. ಚರ್ಮ ಅಡ್ಡಡ್ಡ ಕೊಯ್ದಿದ್ದರಂತೂ ಮುಚ್ಚುವುದೇ ಒಂದು ಕಷ್ಟ. ಸಾರ್ಕೋಮಾ ವಿಭಾಗಗಳಿಗೆ ಬರುವ ರೋಗಿಗಳಲ್ಲಿ ಇಂಥ "ತೆಗೆದಾದ ಮೇಲೆ ಗೊತ್ತಾದ" ಪ್ರಕರಣಗಳು ಅಪರೂಪವೇನಲ್ಲ. ಅವರನ್ನು ನೋಡುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ರೋಗ ಅವರ ಕೈಯಲ್ಲಿರಲಿಲ್ಲ, ಪರೀಕ್ಷೆಯ ಕ್ರಮ ಮಾತ್ರ ಇತ್ತು.

ಸರಿಯಾದ ಕ್ರಮ ಹೀಗೆ. ಮೊದಲು ತೊಡೆಯ ಎಂಆರ್‌ಐ, ಕಾಂಟ್ರಾಸ್ಟ್ ಕೊಟ್ಟು. ಗಡ್ಡೆ ಯಾವ ನರದಿಂದ ಹುಟ್ಟಿದೆ, ರಕ್ತನಾಳಕ್ಕೆ ಎಷ್ಟು ಹತ್ತಿರವಿದೆ, ಅಂಚು ಸ್ಪಷ್ಟವಾಗಿದೆಯೇ, ಸುತ್ತ ನೀರೂತ ಇದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಹಳೆಯ ಎಂಆರ್‌ಐ ಇದ್ದರೆ ಅದರ ಸಿಡಿಯನ್ನೂ ಒಯ್ಯಿರಿ. ಹೊಸ ಸ್ಕ್ಯಾನ್ ಒಂದಕ್ಕಿಂತ, ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದರಿಂದ ಜಾಸ್ತಿ ಗೊತ್ತಾಗುತ್ತದೆ.

ಎಂಆರ್‌ಐ ಒಂದೇ ಕೊನೆಯ ಮಾತು ಹೇಳುವುದಿಲ್ಲ. ಟೈಪ್ 1 ಇರುವವರಲ್ಲಿ ಎಫ್‌ಡಿಜಿ ಪೆಟ್ ಸ್ಕ್ಯಾನ್ ಬಹಳ ಉಪಯುಕ್ತ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೆಚ್ಚು ಹೀರುತ್ತವೆ, ಆ ಭಾಗ ಸ್ಕ್ಯಾನ್‌ನಲ್ಲಿ ಬೆಳಗುತ್ತದೆ. ಆದರೆ ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ, ಇದನ್ನು ನೆನಪಿಡಿ. ಸಾಧು ಷ್ವಾನೋಮಾಗಳೂ ಚೆನ್ನಾಗಿ ಬೆಳಗುತ್ತವೆ. ಪೆಟ್ ವರದಿಯ ಸಂಖ್ಯೆ ನೋಡಿ ರಾತ್ರಿಯಿಡೀ ಗೂಗಲ್ ಮಾಡಬೇಡಿ. ಪರೀಕ್ಷೆಗೆ ತುಣುಕು ತೆಗೆಯಲು ದೊಡ್ಡ ಗಡ್ಡೆಯಲ್ಲಿ ಯಾವ ಮೂಲೆಗೆ ಸೂಜಿ ಹಾಕಬೇಕು ಎಂದು ತೋರಿಸುವುದೇ ಅದರ ದೊಡ್ಡ ಉಪಕಾರ. ಒಂದೇ ಗಡ್ಡೆಯಲ್ಲಿ ಒಂದು ಭಾಗ ಹಳೆಯ ಸಾಧು ನ್ಯೂರೋಫೈಬ್ರೊಮಾ ಆಗಿಯೇ ಉಳಿದು, ಇನ್ನೊಂದು ಭಾಗ ಕ್ಯಾನ್ಸರ್ ಆಗಿರಬಹುದು. ತಪ್ಪು ಮೂಲೆಯಿಂದ ತೆಗೆದ ತುಣುಕು "ಏನೂ ಇಲ್ಲ" ಎನ್ನುತ್ತದೆ.

ಇನ್ನು ಸೂಜಿಯ ಭಯ. ಇದು ಎಲ್ಲ ಕಡೆ ಕೇಳಿಬರುವ ಮಾತು. ಸರಿಯಾದ ಜಾಗದಿಂದ, ಸರಿಯಾದ ದಾರಿಯಲ್ಲಿ ಮಾಡಿದ ಕೋರ್ ಬಯಾಪ್ಸಿಯಿಂದ (ದಪ್ಪ ಸೂಜಿಯಲ್ಲಿ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ರೋಗ ಹರಡುವ ಅಪಾಯ ತೀರಾ ಕಡಿಮೆ. ಬಯಾಪ್ಸಿ ಮಾಡದೆ ತಪ್ಪು ಆಪರೇಷನ್ ಮಾಡುವುದರ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ಸ್ಕ್ಯಾನ್ ನೋಡಿಕೊಂಡು, ಮುಂದೆ ಆಪರೇಷನ್ ಮಾಡುವ ಸರ್ಜನ್ ಜೊತೆ ಮಾತಾಡಿಯೇ ರೇಡಿಯಾಲಜಿಸ್ಟ್ ಸೂಜಿಯ ದಾರಿ ಆರಿಸುತ್ತಾರೆ. ನಂತರ ಆ ದಾರಿಯನ್ನೂ ಗಡ್ಡೆಯ ಜೊತೆ ತೆಗೆಯಲು ಆಗುವಂತಿರಬೇಕು. ತೆಳು ಸೂಜಿಯಲ್ಲಿ ಕೋಶ ಹೀರುವ ಎಫ್‌ಎನ್‌ಎಸಿ ಇಲ್ಲಿ ಸಾಲದು. ಇಡೀ ಅಂಗಾಂಶದ ಎಳೆ ಬೇಕು, ಅದೂ ಹಲವು ತುಣುಕು. ನರದ ಗಡ್ಡೆಯಾದ್ದರಿಂದ ಸೂಜಿ ಹೋಗುವಾಗ ಕಾಲಿಗೆ ಶಾಕ್ ಹೊಡೆದಂತೆ ಆಗಬಹುದು, ಕೆಲವು ದಿನ ನೋವು ಉಳಿಯಬಹುದು. ಇದನ್ನು ನಿಮ್ಮ ತಮ್ಮನಿಗೆ ಮೊದಲೇ ಹೇಳಿ. ಗೊತ್ತಿದ್ದರೆ ಹೆದರುವುದಿಲ್ಲ.

ತುಣುಕು ತೆಗೆದಾಯಿತು ಅಂದರೆ ಉತ್ತರ ಸಿಕ್ಕಿತು ಅಂತಲ್ಲ. ಪೆಥಾಲಜಿಯಲ್ಲಿ ಇದು ಕಠಿಣವಾದ ರೋಗನಿರ್ಣಯಗಳಲ್ಲಿ ಒಂದು. ಕದಿರಿನಾಕಾರದ ಕೋಶಗಳು ಬೇರೆ ಸಾರ್ಕೋಮಾಗಳಲ್ಲೂ ಇರುತ್ತವೆ, ಕೆಲವು ಮೆಲನೋಮಾಗಳಲ್ಲೂ ಇರುತ್ತವೆ. ಕೋಶದ ಗುರುತು ಹಿಡಿಯಲು ತುಣುಕಿಗೆ ಹಚ್ಚುವ ಎಸ್100, ಸಾಕ್ಸ್10 ಎಂಬ ಸ್ಟೇನ್‌ಗಳು ಸಾಧು ನರಗಡ್ಡೆಯಲ್ಲಿ ಚೆನ್ನಾಗಿ ಹಿಡಿಯುತ್ತವೆ, ಇದರಲ್ಲಿ ಅಲ್ಲಲ್ಲಿ ಮಾತ್ರ ಹಿಡಿಯುತ್ತವೆ ಅಥವಾ ಹಿಡಿಯುವುದೇ ಇಲ್ಲ. ಎಚ್3ಕೆ27ಎಂಇ3 ಎಂಬ ಇನ್ನೊಂದು ಸ್ಟೇನ್ ಇದೆ. ಮೇಲೆ ಹೇಳಿದ ಸುಜ್12, ಇಇಡಿ ಕೆಟ್ಟರೆ ಈ ಗುರುತು ಮಾಯವಾಗುತ್ತದೆ. ಅದು ಮಾಯವಾಗಿದ್ದರೆ ಕ್ಯಾನ್ಸರ್ ಎನ್ನಲು ಬಲವಾದ ಆಧಾರ ಸಿಗುತ್ತದೆ. ಉಳಿದುಕೊಂಡಿದ್ದರೆ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ. ಆದ್ದರಿಂದ ಸ್ಲೈಡ್ ಮತ್ತು ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್‌ಗಳನ್ನು ಕೇಳಿ ಪಡೆದು, ಸಾರ್ಕೋಮಾ ಹೆಚ್ಚು ನೋಡುವ ಪೆಥಾಲಜಿಸ್ಟ್ ಹತ್ತಿರ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ಅದು ಯಾರಿಗೂ ಅವಮಾನವಲ್ಲ.

ವರದಿಯಲ್ಲಿ "ಟ್ರೈಟನ್" ಎಂಬ ಪದ ಕಂಡರೆ, ಗಡ್ಡೆಯಲ್ಲಿ ಸ್ನಾಯುವಿನ ಗುಣದ ಕೋಶಗಳೂ ಇವೆ ಎಂದರ್ಥ. ಅದು ಸ್ವಲ್ಪ ಹೆಚ್ಚು ಉಗ್ರ ಸ್ವಭಾವದ್ದು.

ಕ್ಯಾನ್ಸರ್ ಎಂದು ಖಚಿತವಾದರೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕು. ಈ ರೋಗ ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಗಡ್ಡೆಯ ಸುತ್ತ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ, ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು. ಅಂಚಿನಲ್ಲಿ ಕ್ಯಾನ್ಸರ್ ಕೋಶ ಇರಬಾರದು.

ಸಯಾಟಿಕ್ ನರದ ಒಳಗೇ ಗಡ್ಡೆ ಇದ್ದರೆ ಆ ನರವನ್ನೂ ಕತ್ತರಿಸಬೇಕಾಗಬಹುದು. ಈ ಮಾತು ಕೇಳಿದ ಕೂಡಲೇ ಮನೆಯವರು "ಕಾಲೇ ಹೋಯಿತು" ಅಂದುಕೊಳ್ಳುತ್ತಾರೆ. ಹಾಗಲ್ಲ. ಮಂಡಿ ನೆಟ್ಟಗೆ ಮಾಡುವ ತೊಡೆಯ ಮುಂಭಾಗದ ಸ್ನಾಯುಗಳಿಗೆ ಬೇರೆ ನರವಿದೆ, ಫೀಮೊರಲ್ ನರ. ಅದು ಉಳಿದಿರುತ್ತದೆ. ಮಂಡಿಯ ಕೆಳಗಿನ ಸ್ನಾಯುಗಳು ಕೆಲಸ ಮಾಡುವುದಿಲ್ಲ, ಪಾದ ಜೋತುಬೀಳುತ್ತದೆ, ಅಂಗಾಲಿಗೆ ಸ್ಪರ್ಶ ಗೊತ್ತಾಗುವುದಿಲ್ಲ. ಹಿಮ್ಮಡಿ ಮತ್ತು ಪಾದವನ್ನು ಹಿಡಿದಿಡುವ ಬ್ರೇಸ್ ಹಾಕಿಕೊಂಡು ಅನೇಕರು ಊರುಗೋಲಿಲ್ಲದೆ ನಡೆಯುತ್ತಾರೆ. ಜೀವನಪೂರ್ತಿ ಇರುವ ತೊಂದರೆ ಬೇರೆ: ಸ್ಪರ್ಶವಿಲ್ಲದ ಅಂಗಾಲಿಗೆ ಗಾಯವಾದರೆ ಗೊತ್ತಾಗುವುದಿಲ್ಲ. ಪ್ರತಿದಿನ ಪಾದ ತಿರುಗಿಸಿ ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಬಾರದು. ಕಾಲನ್ನೇ ತೆಗೆಯುವುದು ಈಗ ಕೊನೆಯ ದಾರಿ, ಬೇರೆ ಯಾವುದೂ ಸಾಧ್ಯವಿಲ್ಲದಾಗ ಮಾತ್ರ. ಆಪರೇಷನ್‌ಗೆ ಮುಂಚೆಯೇ ಫಿಸಿಯೋಥೆರಪಿಸ್ಟ್ ಜೊತೆ ಒಮ್ಮೆ ಕೂತು ಮಾತಾಡಿ.

ಗಡ್ಡೆ 5 ಸೆಂಟಿಮೀಟರ್‌ಗಿಂತ ದೊಡ್ಡದಾಗಿ, ಆಳದಲ್ಲಿದ್ದು, ಹೈ ಗ್ರೇಡ್ (ಉಗ್ರವಾಗಿ ಬೆಳೆಯುವ ಬಗೆ) ಆಗಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಸೇರಿಸುತ್ತಾರೆ. ಆಪರೇಷನ್‌ಗೆ ಮುಂಚೆ ಕೊಡುವುದಾದರೆ ರೂಢಿಯಲ್ಲಿರುವುದು 25 ಸಲ, ಒಟ್ಟು 50 ಗ್ರೇ (ರೇಡಿಯೇಷನ್ ಅಳೆಯುವ ಮಾನ). ಅದೇ ಜಾಗದಲ್ಲಿ ರೋಗ ಮರಳುವುದನ್ನು ಇದು ಕಡಿಮೆ ಮಾಡುತ್ತದೆ. ಟೈಪ್ 1 ಇರುವವರಲ್ಲಿ ರೇಡಿಯೇಷನ್‌ನಿಂದಲೇ ಮುಂದೆ ಹೊಸ ಗಡ್ಡೆ ಹುಟ್ಟುವ ಅಪಾಯ ಉಳಿದವರಿಗಿಂತ ಹೆಚ್ಚು. ಸಾಧು ಗಂಟಿಗೆ ರೇಡಿಯೇಷನ್ ಕೊಡುವುದನ್ನು ನಾವು ತಪ್ಪಿಸುವುದು ಅದಕ್ಕೇ. ಎದುರಿಗೆ ಕ್ಯಾನ್ಸರೇ ನಿಂತಾಗ ಲೆಕ್ಕ ಬೇರೆ. ಆದರೂ "ಇವನಿಗೆ ಇದರಿಂದ ಎಷ್ಟು ಲಾಭ?" ಎಂದು ವೈದ್ಯರನ್ನು ಕೇಳಿ.

ಕೀಮೋ ಬಗ್ಗೆ ನೇರವಾಗಿ ಹೇಳುತ್ತೇನೆ. ಡಾಕ್ಸೊರುಬಿಸಿನ್ ಮತ್ತು ಐಫಾಸ್ಫಮೈಡ್ ಸಾಮಾನ್ಯವಾಗಿ ಬಳಸುವ ಔಷಧಗಳು. ಕೆಲವರಲ್ಲಿ ಗಡ್ಡೆ ಕುಗ್ಗುತ್ತದೆ, ಕೆಲವರಲ್ಲಿ ಬೆಳೆಯುವುದು ನಿಲ್ಲುತ್ತದೆ, ಕೆಲವರಲ್ಲಿ ಏನೂ ಆಗುವುದಿಲ್ಲ. ವಯಸ್ಸು ಚಿಕ್ಕದು, ಗಡ್ಡೆ ದೊಡ್ಡದು, ಹೈ ಗ್ರೇಡ್ ಎಂದಾದರೆ ಆಪರೇಷನ್‌ಗೆ ಮುಂಚೆ ಕೊಟ್ಟು ನೋಡುವುದರಲ್ಲಿ ಅರ್ಥವಿದೆ ಎಂದು ನನ್ನ ಅಭಿಪ್ರಾಯ. ಎಲ್ಲ ತಜ್ಞರೂ ಇದನ್ನು ಒಪ್ಪುವುದಿಲ್ಲ. ಈ ಔಷಧಗಳು ವೀರ್ಯದ ಮೇಲೆ ಪರಿಣಾಮ ಮಾಡಬಹುದು. 27 ವರ್ಷದವನು, ಕೀಮೋ ಶುರುವಾಗುವ ಮುಂಚೆ ವೀರ್ಯ ತೆಗೆದಿಡುವ ವಿಷಯ ಕೇಳಿ. ಗಡಿಬಿಡಿಯಲ್ಲಿ ಇದನ್ನು ಹೇಳಲು ವೈದ್ಯರೂ ಮರೆಯುತ್ತಾರೆ, ಕೇಳಲು ಮನೆಯವರೂ ನಾಚುತ್ತಾರೆ.

ನೆಟ್‌ನಲ್ಲಿ ನಿಮಗೆ ಸೆಲುಮೆಟಿನಿಬ್, ಮಿರ್ಡಾಮೆಟಿನಿಬ್ ಎಂಬ ಮಾತ್ರೆಗಳ ಹೆಸರು ಸಿಕ್ಕೇ ಸಿಗುತ್ತದೆ. ಮೊದಲನೆಯದಕ್ಕೆ ಅಮೆರಿಕದ ಎಫ್‌ಡಿಎ 2020ರಲ್ಲಿ, ಎರಡನೆಯದಕ್ಕೆ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಔಷಧಗಳೇ. ಆದರೆ ಆ ಒಪ್ಪಿಗೆ ಇರುವುದು ಆಪರೇಷನ್ ಮಾಡಲಾಗದ, ತೊಂದರೆ ಕೊಡುವ ಸಾಧು ಪ್ಲೆಕ್ಸಿಫಾರ್ಮ್ ಗಂಟುಗಳಿಗೆ. ಕ್ಯಾನ್ಸರ್ ಆದ ಮೇಲೆ ಆಪರೇಷನ್ ಬದಲು ಅವನ್ನು ನುಂಗಿ ಕಾಯುವುದು ದೊಡ್ಡ ತಪ್ಪು. ಎಂಪಿಎನ್‌ಎಸ್‌ಟಿಗೆಂದೇ ಗುರಿಯಿಟ್ಟು ಕೆಲಸ ಮಾಡಿ ಗೆದ್ದ ಔಷಧ ಇನ್ನೂ ಬಂದಿಲ್ಲ. ಟ್ರಯಲ್‌ಗಳು ನಡೆಯುತ್ತಿವೆ. ರೋಗ ಹರಡಿದ್ದರೆ ಅಂಥ ಟ್ರಯಲ್ ಇದೆಯಾ ಎಂದು ಮೊದಲೇ ಕೇಳುವುದು ಒಳ್ಳೆಯದು.

ಬದುಕುವ ಸಾಧ್ಯತೆ ಎಷ್ಟು ಎಂದು ನೀವು ಕೇಳಿಲ್ಲ, ಆದರೆ ಓದಿರುತ್ತೀರಿ. ಇದು ಕಠಿಣ ರೋಗ. ಬಹಳಷ್ಟು ಅಧ್ಯಯನಗಳಲ್ಲಿ 5 ವರ್ಷದ ನಂತರ ಬದುಕಿರುವವರು ಶೇಕಡಾ 30ರಿಂದ 60ರ ನಡುವೆ. ಈ ಅಂತರ ಇಷ್ಟು ದೊಡ್ಡದಾಗಲು ಕಾರಣವಿದೆ. ಗಡ್ಡೆ ಚಿಕ್ಕದಿದ್ದು, ಕೈಕಾಲಿನಲ್ಲಿದ್ದು, ಅಂಚು ಸ್ವಚ್ಛವಾಗಿ ತೆಗೆಯಲು ಬಂದವರು ಒಂದು ಕಡೆ. ಸೊಂಟದ ಒಳಗೋ ಬೆನ್ನುಮೂಳೆಯ ಪಕ್ಕದಲ್ಲೋ ದೊಡ್ಡದಾಗಿ ಬೆಳೆದು, ಕಂಡಾಗಲೇ ಹರಡಿದ್ದವರು ಇನ್ನೊಂದು ಕಡೆ. ನಿಮ್ಮ ತಮ್ಮ ಎಲ್ಲಿ ನಿಲ್ಲುತ್ತಾನೆ ಎಂಬುದು ಸ್ಕ್ಯಾನ್, ಬಯಾಪ್ಸಿ ಆಗುವ ಮುಂಚೆ ಯಾರಿಗೂ ಗೊತ್ತಿಲ್ಲ. ತೊಡೆಯಲ್ಲಿದೆ, ಕೈಗೆ ಸಿಗುತ್ತಿದೆ ಎನ್ನುವುದು ಅವನ ಪಾಲಿಗೆ ಒಳ್ಳೆಯ ಅಂಶ.

ನಿಮ್ಮ ವಿಷಯಕ್ಕೆ ಬರೋಣ. ಈ ಕ್ಯಾನ್ಸರ್ ಅಂಟುವುದಿಲ್ಲ. ಟೈಪ್ 1 ಮಾತ್ರ ವಂಶದಲ್ಲಿ ಬರಬಹುದು, ಇರುವವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಆದರೆ ಇದು ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಅಪ್ಪ ಅಮ್ಮನಿಂದ ಬಂದಿರುವುದಿಲ್ಲ, ಜೀನ್ ಅವರಲ್ಲೇ ಹೊಸದಾಗಿ ಕೆಟ್ಟಿರುತ್ತದೆ. ದೊಡ್ಡವರಲ್ಲಿ 15 ಮಿಲಿಮೀಟರ್‌ಗಿಂತ ದೊಡ್ಡ ಕಾಫಿ ಬಣ್ಣದ ಮಚ್ಚೆಗಳು 6 ಅಥವಾ ಹೆಚ್ಚು ಇದ್ದರೆ, ಕಂಕುಳಲ್ಲಿ ಚುಕ್ಕೆಗಳಿದ್ದರೆ ಅನುಮಾನ ಪಡಬೇಕು. ದೊಡ್ಡವರಾಗುವ ಹೊತ್ತಿಗೆ ಇದರ ಗುರುತು ಬಹುತೇಕ ಎಲ್ಲರಲ್ಲೂ ಕಾಣಿಸಿಕೊಂಡಿರುತ್ತದೆ. ನಿಮ್ಮ ಮೈಮೇಲೆ ಏನೂ ಇಲ್ಲದಿದ್ದರೆ ನಿಮಗೆ ಇಲ್ಲವೆಂದೇ ಹೇಳಬಹುದು. ಸಂಶಯವಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಅಪ್ಪ ಅಮ್ಮನ ಚರ್ಮವನ್ನೂ ಒಮ್ಮೆ ವೈದ್ಯರು ನೋಡಲಿ.

ನಿಮ್ಮ ತಮ್ಮನ ಮೈಯೊಳಗೆ ಬೇರೆ ಆಳದ ಗಂಟುಗಳಿವೆಯೇ ಎಂದು ತಿಳಿಯಲು ಇಡೀ ದೇಹದ ಎಂಆರ್‌ಐ ಒಮ್ಮೆ ಮಾಡಿಸುವ ಬಗ್ಗೆಯೂ ತಂಡದ ಜೊತೆ ಮಾತಾಡಿ. ಒಳಗೆ ಗಂಟುಗಳ ಒಟ್ಟು ಗಾತ್ರ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಇದು ಈ ವಾರದ ಕೆಲಸವಲ್ಲ, ತೊಡೆಯದ್ದು ಮುಗಿದ ಮೇಲೆ.

ಕೊನೆಗೆ ಒಂದು ಎಚ್ಚರಿಕೆ. ಬಯಾಪ್ಸಿ ವರದಿ "ಸಾಧು ನ್ಯೂರೋಫೈಬ್ರೊಮಾ" ಎಂದು ಬಂದರೆ ಖುಷಿಪಡಿ, ಆದರೆ ಫೈಲ್ ಮುಚ್ಚಬೇಡಿ. ಸ್ಕ್ಯಾನ್‌ನಲ್ಲಿ ಹೆಚ್ಚು ಸಂಶಯ ಬಂದ ಭಾಗದಿಂದಲೇ ತುಣುಕು ತೆಗೆದಿದ್ದಾರಾ ಎಂದು ಕೇಳಿ. ನೋವು, ಬೆಳವಣಿಗೆ ಮುಂದುವರಿದರೆ ಮತ್ತೊಮ್ಮೆ ಬಯಾಪ್ಸಿ ಮಾಡಿ ಎಂದು ಹಟ ಹಿಡಿಯಿರಿ. ಪಾದದ ಶಕ್ತಿ ಇನ್ನಷ್ಟು ಕುಂದಿದರೆ, ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.